ಇಸ್ತ್ರಿ ಹಾಕಿದ ಅಂಗಿ

ಬೆಳಿಗ್ಗೆ ಹತ್ತೂವರೆಗೆ ಬಿಸಿನೆಸ್ ಕಾಲೇಜಿನ ಎರಡನೇ ಮಹಡಿಯ ತರಗತಿಗೆ ಅತಿಥಿ ಬಂದರು. ಮೂರನೇ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಹುಡುಗಿ ಅವರ ಮಗಳು. ಆ ಸಂಗತಿ ಕೋಣೆಯಲ್ಲಿ ಅವರಿಬ್ಬರನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ.

ಇಬ್ಬರೂ ಮನೆಯಿಂದ ಒಂದೇ ಬಸ್ಸಿನಲ್ಲಿ ಹೊರಟಿದ್ದರು. ಕಾಲೇಜಿಗೆ ಇನ್ನೊಂದು ಸ್ಟಾಪ್ ಇರುವಾಗ ಮಗಳು ಹೊರಗೆ ನೋಡುತ್ತ, "ನೀನು ಇಲ್ಲೇ ಇಳ್ಕೊ ಅಪ್ಪ, ನಡ್ಕೊಂಡು ಬಂದ್ರೆ ಹತ್ರಾನೇ" ಅಂದಳು. ಅವರು ಯಾಕೆಂದು ಕೇಳದೆ ಇಳಿದರು. ಕಾಲೇಜಿನಿಂದ ಕರೆ ಬಂದ ದಿನವೇ, ನಿನಗೆ ಮುಜುಗರವಾದರೆ ಒಲ್ಲೆನೆಂದು ಹೇಳಿಬಿಡುತ್ತೇನೆ ಎಂದಿದ್ದರು. ಹೋಗು, ಆದರೆ ನಾನು ನಿನ್ನ ಮಗಳು ಅಂತ ಮಾತ್ರ ಹೇಳಬೇಡ ಎಂದಿದ್ದಳು ಅವಳು. ಹೋಗಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಕರೆದು ಕೂರಿಸಿ ಏನಾಯಿತೆಂದು ಕೇಳಿರಲಿಲ್ಲ.

ನಡೆದದ್ದು ಪಠ್ಯದಲ್ಲೇ ಇತ್ತು. 'ಉದ್ಯಮ ಮತ್ತು ಸಾಮಾಜಿಕ ಹೊಣೆ' ಎಂಬ ಪೇಪರಿನಲ್ಲಿ ಒಂದು ಬಣ್ಣದ ಕಾರ್ಖಾನೆಯ ಪ್ರಕರಣ. ಕೊಳೆನೀರು ಶುದ್ಧ ಮಾಡುವ ಘಟಕದ ಪಂಪು ಕೆಟ್ಟಿತು. ಪಾಳಿಯ ಮ್ಯಾನೇಜರು ವಾಲ್ವ್ ತೆಗೆಸಿ ನೀರನ್ನು ನೇರ ಹೊಳೆಗೆ ಬಿಟ್ಟ. ಮೀನು ಸತ್ತು ತೇಲಿದವು, ಕೆಳಗಿನ ಬಡಾವಣೆಯ ಮಕ್ಕಳ ಮೈಮೇಲೆ ಗುಳ್ಳೆ ಎದ್ದವು. ಕಂಪನಿ ದಂಡ ಕಟ್ಟಿತು, ಮ್ಯಾನೇಜರನನ್ನು ತೆಗೆದುಹಾಕಿತು, ಮುಂದೆ ಪರಿಸರ ಪ್ರಶಸ್ತಿಯನ್ನೂ ಪಡೆಯಿತು. ಪಠ್ಯದಲ್ಲಿ ಮ್ಯಾನೇಜರನಿಗೆ ಹೆಸರಿರಲಿಲ್ಲ. ಹಿಂದಿನ ಬೆಂಚಿನವರು 'ವಾಲ್ವ್ ಮಾವ' ಎಂದು ನಾಮಕರಣ ಮಾಡಿದ್ದರು. ಹೋದ ವಾರದ ಚರ್ಚೆಯಲ್ಲಿ ಎಲ್ಲರೂ ನಕ್ಕಾಗ ಅವಳೂ ನಕ್ಕಳು. ತೆಪ್ಪಗಿದ್ದರೆ ಯಾರಿಗಾದರೂ ಅನುಮಾನ ಬಂದೀತೆಂದು ಎದ್ದು ನಿಂತು, ಎಲ್ಲರಿಗಿಂತ ಖಾರವಾಗಿ ಮಾತಾಡಿದಳು. ಚಪ್ಪಾಳೆ ಬಿತ್ತು.

ಅತಿಥಿ ಈಗ ಟೈಲ್ಸ್ ಗೋದಾಮಿನಲ್ಲಿ ಕೆಲಸ ಮಾಡುವವರು. ಮೈಕು ಬೇಡವೆಂದರು. ಪಂಪು ರಿಪೇರಿಗೆ ಎರಡು ದಿನ ಕೆಲಸ ನಿಲ್ಲಿಸಬೇಕಿತ್ತು, ಮಾಲೀಕರಿಗೆ ಫೋನ್ ಮಾಡಿದೆ ಎಂದರು.

"ವಾಲ್ವ್ ತೆಗಿ ಅಂತ ಅವರು ಹೇಳ್ಲಿಲ್ಲ. 'ನೀವೇ ಏನಾದ್ರೂ ನೋಡ್ಕೊಳ್ಳಿ' ಅಂದ್ರು. ನಾನು ನೋಡ್ಕೊಂಡೆ."

ಹಾಗಾದರೆ ತಪ್ಪು ಮಾಲೀಕರದ್ದಲ್ಲವೇ ಎಂದು ಒಬ್ಬ ಕೇಳಿದ. ಅವರದ್ದು ಅವರಿಗೆ, ಹೊಳೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದವನು ನಾನು ಎಂದು ಅತಿಥಿ ಉತ್ತರಿಸಿದರು. ಹಿಂದಿನ ಬೆಂಚಿನವರು ಕೂಡ ಅದನ್ನು ಬರೆದುಕೊಂಡರು.

ಪ್ರಾಧ್ಯಾಪಕಿಗೆ ಇದು ಸಾಲದೆನಿಸಿತು. ತಮ್ಮ ವಿದ್ಯಾರ್ಥಿಗಳು ಎಷ್ಟು ಗಟ್ಟಿಯಾಗಿ ಯೋಚಿಸುತ್ತಾರೆಂದು ತೋರಿಸಬೇಕಿತ್ತು. ಮೂರನೇ ಸಾಲಿನ ಕಡೆ ಕೈ ಮಾಡಿ, ಹೋದ ವಾರ ಹೇಳಿದ್ದನ್ನು ಇವರ ಎದುರಿಗೇ ಹೇಳಮ್ಮ, ಇವರೇನೂ ಬೇಜಾರು ಮಾಡಿಕೊಳ್ಳುವವರಲ್ಲ ಎಂದರು.

ಹುಡುಗಿ ಎದ್ದಳು. ನೆನಪಿಲ್ಲ ಮೇಡಂ ಅಂದಳು. ಪಕ್ಕದಲ್ಲಿದ್ದ ಗೆಳತಿಗೆ ನೆನಪಿತ್ತು. ಮೊದಲ ಪದ ಎತ್ತಿಕೊಟ್ಟಳು. ಉಳಿದದ್ದನ್ನು ಹುಡುಗಿಯೇ ಹೇಳಬೇಕಾಯಿತು.

"ಇಂಥವರಿಗೆ... ಮನೆಯವರೂ ಮುಖ ಕೊಟ್ಟು ಮಾತಾಡಬಾರದು."

ಮಗಳು ಹೀಗೆ ಹೇಳಿದ್ದು ಅಪ್ಪನಿಗೆ ಗೊತ್ತಿರಲಿಲ್ಲ. ಅವರು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಮುಟ್ಟಿದರು, ಕುಡಿಯಲಿಲ್ಲ.

"ಸರಿಯಾಗೇ ಹೇಳಿದ್ದಾರೆ. ಕೂತ್ಕೊಳ್ಳಮ್ಮ" ಎಂದರು. ಆಮೇಲೆ ತರಗತಿಯ ಕಡೆ ತಿರುಗಿ, "ಆದ್ರೆ ನಮ್ಮನೇಲಿ ಹಾಗೆ ಮಾಡ್ಲಿಲ್ಲ. ಈ ಅಂಗೀಗೆ ಇವತ್ತು ಬೆಳಿಗ್ಗೆ ಇಸ್ತ್ರಿ ಹಾಕ್ಕೊಟ್ಟಿದ್ದೂ ಮನೆಯವರೇ."

ಒಂದಿಬ್ಬರು ನಕ್ಕರು. ಇಸ್ತ್ರಿ ಹಾಕಿದವಳು ಡೆಸ್ಕಿನ ಮೇಲೆ ಯಾರೋ ಕೊರೆದಿದ್ದ ಗೆರೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅಪ್ಪನ ಬಟ್ಟೆ ನೋಡಿ ಯಾರೂ ಆಡಿಕೊಳ್ಳದಿರಲಿ ಎಂದು, ಕಾಲರನ್ನು ಎರಡು ಸಲ ತಿಕ್ಕಿದ್ದಳು.

ಪ್ರಾಧ್ಯಾಪಕಿ ಹೂಗುಚ್ಛ ಕೊಟ್ಟರು, ಫೋಟೋ ತೆಗೆದದ್ದೂ ಆಯಿತು. ಮೆಟ್ಟಿಲಿಳಿದು ಓಡಿ ಒಂದು ಮಾತು ಹೇಳಬೇಕೆಂದು ಹುಡುಗಿ ಹೊರಗೆ ಬರುವಷ್ಟರಲ್ಲಿ ಅವರು ಗೇಟು ದಾಟಿದ್ದರು. ಕಾಲೇಜಿನ ಸ್ಟಾಪಿನಲ್ಲಿ ನಿಂತಿರಲಿಲ್ಲ.

ಸಂಜೆ ಅವಳು ಗೆಳತಿಯ ಜೊತೆ ಬಸ್ಸು ಹತ್ತಿದಳು. ಮುಂದಿನ ಸ್ಟಾಪಿನಲ್ಲಿ, ಬೆಳಿಗ್ಗೆ ಇಳಿಸಿದ್ದ ಕಡೆಯೇ, ಅಪ್ಪ ಹೂಗುಚ್ಛ ಹಿಡಿದು ನಿಂತಿದ್ದರು. ಮಧ್ಯಾಹ್ನವಿಡೀ ಎಷ್ಟು ಬಸ್ಸು ಬಿಟ್ಟರೋ. ಒಳಗೆ ಬಂದವರು ಮಗಳನ್ನು ನೋಡಿದರು, ಗೆಳತಿಯನ್ನೂ ನೋಡಿದರು, ಕಂಬ ಹಿಡಿದು ನಿಂತರು.

"ಲೇ, ವಾಲ್ವ್ ಮಾವ ಕಣೇ" ಎಂದು ಗೆಳತಿ ಪಿಸುಗುಟ್ಟಿದಳು. ಒಳ್ಳೆಯ ಹುಡುಗಿ, ಸರಿದು ಜಾಗ ಮಾಡಿ, "ಅಂಕಲ್, ಇಲ್ಲಿ ಕೂತ್ಕೊಳ್ಳಿ ಬನ್ನಿ" ಎಂದು ಕರೆದಳು.

ಅವರು ಮಗಳ ಕಡೆ ನೋಡಿದರು. ಮಗಳ ತುಟಿ ಸ್ವಲ್ಪ ತೆರೆಯಿತು. ಅವರು ಅಲ್ಲಿಂದ ಒಂದು ಮಾತು ಬರುವಷ್ಟು ಹೊತ್ತು ಕಾದರು.

"ಪರವಾಗಿಲ್ಲಮ್ಮ, ಮುಂದಿನ ಸ್ಟಾಪಲ್ಲೇ ಇಳೀತೀನಿ" ಎಂದರು ಆಮೇಲೆ.

ಮನೆ ಊರಿನ ಆ ತುದಿಯಲ್ಲಿತ್ತು. ಅವರು ಮುಂದಿನ ಸ್ಟಾಪಿನಲ್ಲಿ ಇಳಿದರು.