ಪುಡಿಯಪ್ಪನ ಕೈಗುಣ

ಎರಡನೇ ಸಲ ರಕ್ತ ಕಾರಿಕೊಂಡ ಮೇಲೂ ಪುಡಿಯಪ್ಪನ ಬಾಯಿ ನಿಲ್ಲಲಿಲ್ಲ. ಊರವರ ನೋವನ್ನೆಲ್ಲ ಒಂದು ಚಿಟಿಕೆ ಬೇರಿನ ಪುಡಿಯಲ್ಲಿ ಓಡಿಸಿದ ಮಹಾನುಭಾವ ಆಸ್ಪತ್ರೆಯ ಮಂಚದ ಮೇಲೆ ಮಲಗುವುದೆಂದರೇನು!

"ನೋವಿನ ಮಾತ್ರೆ ಏನಾದ್ರೂ ತಗೋತೀರಾ?" ಡಾಕ್ಟರು ಸೊಂಟ ಹಿಡಿದುಕೊಂಡು ಬಗ್ಗಿ ಕೇಳಿದರು. ದಿನವಿಡೀ ನಿಂತು ಕಂಡವರ ಗಂಟಲಿಗೆ ಕೊಳವೆ ಇಳಿಸುವ ಕೆಲಸ, ಸೊಂಟ ಕೇಳಬೇಕಲ್ಲ.

"ಮಾತ್ರೆನಾ? ಥೂ, ವಿಷ! ನನ್ನ ಮಂಡಿಗೂ ನನ್ನ ಪುಡೀನೇ. ನಿಮ್ಮಂಥ ಓದಿದೋರೂ ತಗೋತಾರೆ ಸ್ವಾಮಿ. ನಾಚಿಕೆಗೆ ಆಳು ಕಳಿಸಿ ತರಿಸ್ಕೋತಾರೆ, ಅಷ್ಟೇ."

ನರ್ಸ್ ಕಿಸಕ್ಕನೆ ನಕ್ಕಳು. ಡಾಕ್ಟರು ನಗಲಿಲ್ಲ.

"ಮಲ ಡಾಂಬರಿನ ಥರ ಕಪ್ಪಗೆ ಹೋಗ್ತಿದೆಯಾ?"

"ಹೋಗ್ತಿದೆ. ಉಷ್ಣ, ಬಿಡಿ."

"ಉಷ್ಣ... ಹೌದು, ಹಾಗೇ ಅನ್ಸುತ್ತೆ," ಎಂದು ಗೊಣಗಿದ ಡಾಕ್ಟರು ಕೊಳವೆ ಇಳಿಸಿದರು.

ಪರದೆಯ ಮೇಲೆ ಜಠರ ಕಂಡಿತು. ಹುಣ್ಣಿನ ನಡುವೆ, ಕೆಟ್ಟ ನಲ್ಲಿಯಂತೆ ಸೋರುವ ರಕ್ತನಾಳ. ಸುತ್ತ ಮದ್ದು ಚುಚ್ಚಿ, ಬಟ್ಟೆ ಕ್ಲಿಪ್ಪಿನ ಮರಿಯಂಥದ್ದೊಂದನ್ನು ಅದಕ್ಕೆ ಕಚ್ಚಿಸಿದರು. ರಕ್ತ ನಿಂತಿತು. ಬಾಯಿಯಂತೂ ಕೊಳವೆ ಇಳಿದಾಗಲೇ ನಿಂತಿತ್ತು. ವೈದ್ಯಶಾಸ್ತ್ರದ ಪವಾಡ ಅದೇ.

ಹೊರಗೆ ಪುಡಿಯಪ್ಪನ ಹೆಂಡತಿ ಉಗುರು ಕಚ್ಚುತ್ತ ನಿಂತಿದ್ದಳು.

"ಜೀವಕ್ಕೆ ಭಯ ಇಲ್ಲ ಅಮ್ಮ. ಆದ್ರೆ ಅದು ನೋವಿನ ಮಾತ್ರೆ ಕೊರೆದ ಹುಣ್ಣು. ನಿಜ ಹೇಳಿ."

ಆಕೆ ಅತ್ತಿತ್ತ ನೋಡಿದಳು. "ಅವರ ಪುಡೀಲಿ ಏನಿದೆ ಡಾಕ್ಟ್ರೇ, ಬರೀ ಹೊಟ್ಟು. ಒಬ್ರಿಗೂ ನೋವು ಹೋಗ್ಲಿಲ್ಲ. ಜನ ಬಾಗಿಲಿಗೆ ಬಂದು ಉಗೀತಿದ್ರು. ಅರೆಯೋದು ನಾನೇ ಅಲ್ವಾ? ಮಾತ್ರೆ ಸೇರಿಸಿ ಅರೆದೆ. ಆಮೇಲೆ ನೋಡಿ, ಇವರಿಗೆ ಕೈಗುಣ ಬಂದಿದ್ದು!"

ಎಂಥ ಪತಿಭಕ್ತಿ! ಗಂಡನ ಮಾನ ಮುಚ್ಚಲು ಊರವರ ಹೊಟ್ಟೆಗೆಲ್ಲ ತೂತು. ಡಾಕ್ಟರು ಈಗ ಸಿಡಿಯಬೇಕಿತ್ತು. ಸಿಡಿಯಲಿಲ್ಲ. ದನಿ ತಗ್ಗಿಸಿದರು.

"ಎಲ್ಲಾ ಪೊಟ್ಟಣಕ್ಕೂ ಹಾಕ್ತೀರಾ? ಕೆಂಪು ದಾರ ಕಟ್ಟಿದ್ದಕ್ಕೂ?"

"ಅದು ಸೊಂಟನೋವಿಂದು. ಅದಕ್ಕೆ ದುಪ್ಪಟ್ಟು."

ಡಾಕ್ಟರ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಸಿಸ್ಟರ್, ಮಂಚ ಒರೆಸಿ. ದೊಡ್ಡ ಡಾಕ್ಟರಿಗೆ ಫೋನ್ ಮಾಡಿ. ಡಾಂಬರಿನ ಕೇಸು ಇನ್ನೊಂದಿದೆ ಅನ್ನಿ."

"ಪೇಷಂಟ್ ಎಲ್ಲಿ ಸರ್?"

ಡಾಕ್ಟರು ಬಿಳಿ ಕೋಟು ಬಿಚ್ಚಿದರು. ಅದರ ಜೇಬಿನಿಂದ ಕೆಂಪು ದಾರದ ಪೊಟ್ಟಣವೊಂದು ನೆಲಕ್ಕೆ ಬಿತ್ತು.