ಪೋಯ ಹುಣ್ಣಿಮೆಯ ಗಂಡು ಜೇಡ

ಜೇಡವನ್ನು ಅದ್ದಿಡಲೆಂದು ಉದೇಶಿಕಾ ಮದ್ಯಸಾರದ ಶೀಸೆಯ ಮುಚ್ಚಳ ತೆಗೆಯುತ್ತಿದ್ದಂತೆ ಜಿನದಾಸ ಮಾಮ ಅದರ ಬಾಯಿಗೆ ಅಂಗೈ ಅಡ್ಡ ಹಿಡಿದರು. “ಇವತ್ತು ಪೋಯ ಹುಣ್ಣಿಮೆ, ಬುದ್ಧನ ದಿನ, ಮಿಸ್. ಜೀವ ತೆಗೆಯೋ ದಿನ ಅಲ್ಲ.”

“ಮೂರು ವರ್ಷಕ್ಕೆ ಸಿಕ್ಕಿರೋ ಒಂದೇ ಗಂಡು, ಮಾಮಾ! ನಾಳೆಗೆ ಒಣಗಿಹೋದ್ರೆ? ಗಂಡನ್ನ ತೋರಿಸದೆ ಹೊಸ ಜಾತಿ ಅಂದ್ರೆ ಯಾರು ಒಪ್ತಾರೆ?”

“ಸಾಸಿವೆಯಷ್ಟೂ ಇಲ್ಲದ್ದಕ್ಕೆ ಎಷ್ಟು ಆತುರ ನಿಮಗೆ!”

ಶ್ರೀಲಂಕಾದ ಸಿಂಹರಾಜ ಕಾಡಿನ ತರಗೆಲೆಯನ್ನೆಲ್ಲ ಜರಡಿ ಹಿಡಿದು ಈ ಜೇಡವನ್ನು ಹುಡುಕಿಕೊಟ್ಟವರೇ ಅವರು. ಮಾತು ಮೀರಲು ಮನಸ್ಸಾಗದೆ ಅವಳು ಗಾಜಿನ ನಳಿಗೆಯೊಳಗೆ ಒದ್ದೆ ಎಲೆಯ ಚೂರಿಟ್ಟು, ಜೇಡವನ್ನು ಅದರ ಮೇಲೆ ಬಿಟ್ಟಳು.

ಮರುದಿನ ಬೆಳಿಗ್ಗೆ ಜೇಡದ ಪಕ್ಕ ಅದು ಕಳಚಿದ ತೆಳ್ಳನೆಯ ಪೊರೆಯೊಂದು ಬಿದ್ದಿತ್ತು. ಉದೇಶಿಕಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಲಿತ ಗಂಡೆಂದೇ ಅವಳು ನಂಬಿದ್ದಳು; ಅದು ಬಲಿತದ್ದು ಈಗ. ನಿನ್ನೆ ಬರೀ ಗುಂಡಗೆ ಊದಿಕೊಂಡಿದ್ದ ಬಾಯಿಯ ಬಳಿಯ ಪುಟ್ಟ ಕೈಗಳು ಬಿಚ್ಚಿಕೊಂಡಿದ್ದವು. ಒಂದೊಂದರ ತುದಿಯಲ್ಲೂ ಎರಡು ಸುತ್ತಿನ, ಜೇನುಬಣ್ಣದ ಕೊಕ್ಕೆ! ಜಾತಿಯ ಗುರುತೇ ಆ ಕೊಕ್ಕೆ. ಅಂಥದನ್ನು ಅವಳು ಯಾವ ಜೇಡದಲ್ಲೂ ಕಂಡಿರಲಿಲ್ಲ.

“ನಿನ್ನೆ ಶೀಸೆಗೆ ಹಾಕಿದ್ರೆ ಏನಾಗ್ತಿತ್ತು, ಮಿಸ್?”

“ಮೊಗ್ಗು ಕಿತ್ತು, ಹೂವಿನ ಚಿತ್ರ ಬರೆಯೋಕೆ ಕೂತಿರ್ತಿದ್ದೆ,” ಎನ್ನುತ್ತ ಉದೇಶಿಕಾ ಎದ್ದು, ತನ್ನ ಸ್ಟೂಲನ್ನು ಅವರತ್ತ ಸರಿಸಿದಳು. “ಕೂತ್ಕೊಳ್ಳಿ ಮಾಮಾ, ನೀವೂ ನೋಡಿ.”