ವೆಂಡೆಲ್ ಕೇಳಿಸಿಕೊಂಡ ಚಟಪಟ

ಇದು ನಡೆದ ಸಂಗತಿ, ಕಟ್ಟಿದ್ದಲ್ಲ. ನಂಬಿಕೆ ಬಾರದಿದ್ದರೆ ಮಿಲ್ವಾಕಿಯ ವೆಂಡೆಲ್ ಹಾಸ್ಕಿನ್‌ನನ್ನೇ ಕೇಳಿ. ನೀವು ಕೇಳದಿದ್ದರೂ ಅವನು ಹೇಳುತ್ತಾನೆ. ತನ್ನ ಮಾನ ಹೋದ ಜಾಗ ಬಂದಾಗಂತೂ ದನಿ ಏರಿಸಿಯೇ ಹೇಳುತ್ತಾನೆ.

ಭಾನುವಾರ ಚರ್ಚು ಮುಗಿಸಿ ಲೊರೇನ್ ತನ್ನ ತಾಯಿಯನ್ನು ಕರೆದುಕೊಂಡು ಅವನ ಹೊಸ ಬಾಡಿಗೆ ಮನೆಗೆ ಬಂದಾಗ, ವೆಂಡೆಲ್ ಕೋಳಿ ತೊಡೆಗಳಿಗೆ ಉಪ್ಪು, ಮೆಣಸು, ಬೆಳ್ಳುಳ್ಳಿ ಪುಡಿ ಸವರಿ, ಚರ್ಮ ಮೇಲೆ ಮಾಡಿ ತಟ್ಟೆಯಲ್ಲಿ ಸಾಲಾಗಿ ಮಲಗಿಸಿದ್ದ. ಐವತ್ತು ದಾಟಿದ ವೆಂಡೆಲ್, ಲೊರೇನ್ ಇಬ್ಬರೂ ಮದುವೆಯಾಗಬೇಕೆಂದಿದ್ದರು. ಅಡ್ಡಿ ಒಂದೇ. “ಅಮ್ಮ ಒಪ್ಪಬೇಕು” ಎಂದಿದ್ದಳು ಲೊರೇನ್. “ಹಿಂದಿನವನ ಮನೇಲಿ ಸೂಪು ಬಾಯಿಗಿಟ್ಕೊಂಡವಳೇ ಎದ್ದು ಬಂದ್ಬಿಟ್ಲು. ನೀನೇನು ಬಡಿಸ್ತೀಯೋ, ಯೋಚ್ನೆ ಮಾಡು.”

“ಬ್ರಾಯ್ಲರ್!” ಎಂದಿದ್ದ ವೆಂಡೆಲ್. ಕನ್ನಡದಲ್ಲಿ ಬ್ರಾಯ್ಲರ್ ಎಂದರೆ ಕೋಳಿ. ಮಿಲ್ವಾಕಿಯಲ್ಲಿ ಒಲೆಯೊಳಗೆ ಆ ಕೋಳಿಯ ನೆತ್ತಿಯ ಮೇಲೆ ಉರಿಯುವ ಬೆಂಕಿ. ಅವನ ಅಮ್ಮನ ಗ್ಯಾಸ್ ಒಲೆಯಲ್ಲಿ ಆ ಬೆಂಕಿ ಇದ್ದದ್ದು ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ತಾಗಿದಂತಿದ್ದ ಡ್ರಾಯರಿನಲ್ಲಿ. ಈಗ ವೆಂಡೆಲ್ ಅಮ್ಮನದೇ ಗತ್ತಿನಲ್ಲಿ ಮಂಡಿಯೂರಿ, ಕೆಳಗಿನ ಡ್ರಾಯರ್ ಎಳೆದು, ತಟ್ಟೆ ಇಟ್ಟು, ಮೊಣಕಾಲಿನಿಂದ ತಳ್ಳಿ ಮುಚ್ಚಿ, ಗುಂಡಿ ತಿರುಗಿಸಿದ.

ಲೊರೇನ್‌ಳ ತಾಯಿ ಮಿಸೆಸ್ ಕುಬಿಯಾಕ್ ಓವನ್ನಿನ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡರು. ಕೂರುವ ಮುಂಚೆ ಬಗ್ಗಿ, ಓವನ್ನಿನ ಗಾಜಿನೊಳಗೆ ಇಣುಕಿದರು. ಮಗಳ ಕಡೆ ನೋಡಿದರು. ಮಗಳೂ ಇಣುಕಿದಳು, ತಟ್ಟನೆ ತಿರುಗಿ ಕಿಟಕಿಯಾಚೆಯ ಹಿಮ ನೋಡತೊಡಗಿದಳು.

“ಏನು ಹಾಸ್ಕಿನ್ ಅವರೇ, ಚರ್ಮ ಗರಿಗರಿ ಆಗತ್ತೋ, ಒದ್ದೆ ಕಾಲುಚೀಲದ ಥರ ಜೋತು ಬೀಳತ್ತೋ?”

“ಅಮ್ಮಾವ್ರೇ, ನೀವು ಕಚ್ಚಿದ ಸದ್ದಿಗೆ ಪಕ್ಕದ ಮನೆಯೋರು ಬಾಗ್ಲು ತೆಗೆದು ನೋಡ್ಬೇಕು, ಹಂಗಿರತ್ತೆ!”

“ಹೌದಾ? ಘಮ ಈಗ್ಲೇ ಬರ್ತಿದೆಯಲ್ಲೇ ಲೊರೇನ್?”

“ಬೆಳ್ಳುಳ್ಳಿ... ಕೊಬ್ಬು ಕರಗ್ತಿದೆ ಅನ್ಸತ್ತೆ,” ಎಂದು ಲೊರೇನ್ ಹಿಮಕ್ಕೆ ಹೇಳಿದಳು.

ವೆಂಡೆಲ್ ಮೂಗರಳಿಸಿ ಉಸಿರೆಳೆದ. ನಿಜ, ಘಮ್ಮೆನ್ನುತ್ತಿತ್ತು. “ಇದಿನ್ನೂ ಶುರು,” ಎಂದ. “ಬ್ರಾಯ್ಲರ್ ಅನ್ನೋದು ತುಂಟ ಕುದುರೆ ಇದ್ದಂಗೆ. ಒಂಚೂರು ಕಣ್ಣು ಆ ಕಡೆ ಹೋಯ್ತೋ, ಒದ್ದೇಬಿಡತ್ತೆ. ಎಂತೆಂಥೋರು ಇದ್ದಿಲು ಮಾಡ್ಕೊಂಡು ಕೂತಿದಾರೆ!”

ಆಗ ಕೇಳಿಸಿತು: ಚಟ್... ಚಟಚಟ... ಸ್ಸ್ಸ್... ಚಟ್.

ವೆಂಡೆಲ್ ಬೆರಳೆತ್ತಿದ. “ಶ್! ಕೇಳಿಸ್ತಾ? ಚರ್ಮ ಮಾತಾಡ್ತಿದೆ!”

“ಏನಂತೆ?” ಎಂದರು ಮಿಸೆಸ್ ಕುಬಿಯಾಕ್. ಅವರು ಮಾತಾಡುವಾಗ ಸದ್ದು ನಿಂತಿತು, ಬಾಯಿ ಮುಚ್ಚಿದ ಮೇಲೆ ಮತ್ತೆ ಶುರುವಾಯಿತು. ಇದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ವೆಂಡೆಲ್ ಇರಲಿಲ್ಲ.

“‘ನನ್ನ ತಿರುಗಿಸಪ್ಪಾ’ ಅಂತಿದೆ. ಎಲ್ರಿಗೂ ತಿಳಿಯಲ್ಲ ಅಮ್ಮಾವ್ರೇ, ಕಿವಿ ಪಳಗಿರ್ಬೇಕು. ಊರೋರ ಕಿವಿ ಪರೀಕ್ಷೆ ಮಾಡಿ ಶ್ರವಣಯಂತ್ರ ಮಾರೋನು ನಾನು. ನನ್ನ ಕಿವಿ ತಪ್ಪತ್ತಾ?”

ದಪ್ಪ ಕೈಗವಸು ತೊಟ್ಟು, ಬಿಸಿ ಮುಖಕ್ಕೆ ಹೊಡೆಯದಿರಲೆಂದು ತಲೆ ಓರೆ ಮಾಡಿ, ಅವನು ಡ್ರಾಯರ್ ಎಳೆದ.

ಕೋಳಿ ತೊಡೆಗಳು ಇಟ್ಟ ಹಾಗೇ ಇದ್ದವು: ಬಿಳಿಚಿಕೊಂಡು, ತಣ್ಣಗೆ, ಚಳಿಗೆ ಮೈ ಮುಳ್ಳೆದ್ದವರಂತೆ. ಪಕ್ಕದಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಒಂದು ಬಾಣಲೆ ಮುಚ್ಚಳ. ಅದು ಪಾತ್ರೆ ಇಡುವ ಖಾನೆ. ಈ ಮನೆಯದು ಕರೆಂಟ್ ಒಲೆ; ಇದರ ಬ್ರಾಯ್ಲರ್ ಮೇಲಿತ್ತು, ಓವನ್ನಿನ ಸೂರಿನಲ್ಲಿ. ಗಾಜಿನಾಚೆ ಕೆಂಪಗೆ ಕಾದ ಸುರುಳಿ ಇಷ್ಟು ಹೊತ್ತೂ ಖಾಲಿ ಜಾಲರಿಯನ್ನು ಬಹಳ ಶ್ರದ್ಧೆಯಿಂದ ಬೇಯಿಸುತ್ತಿತ್ತು.

ವೆಂಡೆಲ್ ನಿಧಾನವಾಗಿ ತಲೆಯೆತ್ತಿದ. ಮಿಸೆಸ್ ಕುಬಿಯಾಕ್ ಹಲ್ಲಿನ ಸಂದಿಗೆ ನಾಲಿಗೆ ಒತ್ತಿ, ತುಟಿ ಅಲುಗಿಸದೆ, ಅವನ ಮುಖವನ್ನೇ ನೋಡುತ್ತ ಇನ್ನೊಮ್ಮೆ ನುಡಿಸಿದರು: “ಚಟ್. ಚಟಚಟ. ಸ್ಸ್ಸ್.”

ಲೊರೇನ್‌ಳ ಮುಖದ ನಗು ಹೋಗಿ ಅಳುಕು ಬಂತು. ಹಿಂದಿನವನು ಸೂಪಿನವರೆಗಾದರೂ ತಲುಪಿದ್ದ. ವೆಂಡೆಲ್ ಒಮ್ಮೆ ಆ ತಾಯಿಯನ್ನು ನೋಡಿದ, ಒಮ್ಮೆ ತೊಡೆಗಳನ್ನು ನೋಡಿದ. ಆಮೇಲೆ ತಣ್ಣನೆಯ ತೊಡೆಯೊಂದನ್ನು ಕೈಗವಸಿನಲ್ಲೇ ಎತ್ತಿ, ಫೋನಿನಂತೆ ಕಿವಿಯ ಬಳಿ ಹಿಡಿದ. “ಹಲೋ... ಹಾಂ, ವೆಂಡೆಲ್ ಇಲ್ಲೇ ಇದಾನೆ... ಹಾಂ, ಹೇಳ್ತೀನಿ.” ಗಂಭೀರವಾಗಿ ತಿರುಗಿದ. “‘ಅಂಗಡಿಯಿಂದ ನಿನ್ನ ಕಿವಿಗೂ ಒಂದು ಶ್ರವಣಯಂತ್ರ ತಗೊಂಡ್ಬಾ’ ಅಂತಿದೆ ಅಮ್ಮಾವ್ರೇ.”

ಅಷ್ಟು ಹೇಳಿ ಡ್ರಾಯರಿನ ಮುಂದೆ ನೆಲದ ಮೇಲೇ ಕುಸಿದು ಕೂತು ನಕ್ಕ. ತಾಯಿ ನಕ್ಕರು, ಮಗಳು ನಕ್ಕಳು, ಆದರೆ ಅವನ ನಗುವಿನ ಮುಂದೆ ಅವೆರಡೂ ಪಿಸುಮಾತು. ಗಲಾಟೆ ಸಾಕೆಂದು ಕೆಳಗಿನ ಮಹಡಿಯ ಮನೆಯವರು ಪೊರಕೆ ಹಿಡಿಯಿಂದ ತಮ್ಮ ಸೂರು ಕುಟ್ಟಿದರು, ಅದಕ್ಕೂ ನಕ್ಕ.

ತಟ್ಟೆ ಈ ಸಲ ಮೇಲಿನ ಜಾಲರಿಗೆ ಹೋಯಿತು. ಮಿಸೆಸ್ ಕುಬಿಯಾಕ್ ಎದ್ದು ಹೋಗಲಿಲ್ಲ. ಬ್ರೆಡ್ಡಿನ ತುಂಡಿಗೆ ಬೆಣ್ಣೆ ಸವರಿ ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಓವನ್ನಿನ ಕಡೆಯಿಂದ ಚಟ್ ಎಂದಿತು. ಆಮೇಲೆ ಚಟಚಟ.

ವೆಂಡೆಲ್ ಅನುಮಾನದಿಂದ ಕತ್ತು ತಿರುಗಿಸಿದ. “ಇದು ಕೋಳಿಯಾ, ನೀವಾ?”

“ಕೋಳಿ ಕಣೋ ಅಳಿಯ,” ಎಂದರು ಅವರು ತುಂಬಿದ ಬಾಯಲ್ಲೇ. “ಏಳು ಬೇಗ, ಸೀದು ಹೋಗತ್ತೆ!”